ಗುರುಸ್ಥಾನದ ಗೌರವ ಮತ್ತು ಮಗುವಿನ ರಕ್ಷೆ

ನಮ್ಮ ದೀಕ್ಷಾಸಂಸ್ಕಾರದಲ್ಲಿ ಗುರುವಿನ ಹಸ್ತಕ್ಕೆ ಶಿಷ್ಯನ ದೇಹದಲ್ಲಿ ಮುಖ್ಯವಾಗಿ ಮೂರು ಸ್ಥಾನಗಳನ್ನು ಹೇಳಿದೆ. ವೇಧಾದೀಕ್ಷೆಯಲ್ಲಿ ಮಸ್ತಕದ ಮೇಲೆ ಕೈಯಿರಿಸುವುದು, ಮಂತ್ರದೀಕ್ಷೆಯಲ್ಲಿ ಕಿವಿಯಲ್ಲಿ ಮಂತ್ರವನ್ನು ಉಪದೇಶಿಸುವುದು, ಕ್ರಿಯಾದೀಕ್ಷೆಯಲ್ಲಿ ಇಷ್ಟಲಿಂಗವನ್ನು ಕರತಲದಲ್ಲಿ ಇರಿಸುವುದು. ಇದೆಲ್ಲವೂ ತಂದೆತಾಯಿಗಳು, ಬಂಧುಗಳು, ಜಂಗಮರು ನೆರೆದ ಬೆಳಕಿನಲ್ಲಿ ನಡೆಯುತ್ತದೆ. ಗುರುವಿನ ಸ್ಪರ್ಶಕ್ಕೆ ಮಿತಿಯನ್ನೂ ಸಾಕ್ಷಿಯನ್ನೂ ಒಟ್ಟಿಗೆ ಕಲ್ಪಿಸಿದ ಈ ಕ್ರಮವನ್ನು ನಾವು ಆಧ್ಯಾತ್ಮಿಕ ದೃಷ್ಟಿಯಿಂದ ಮಾತ್ರ ವಿವರಿಸುವುದು ವಾಡಿಕೆ. ಇಂದಿನ ಶಾಲೆಗಳ ಸ್ಥಿತಿಯನ್ನು ಕಂಡಾಗ, ಮಿತಿ ಮತ್ತು ಸಾಕ್ಷಿ ಎಂಬ ಈ ಎರಡು ಅಂಶಗಳೇ ಮಕ್ಕಳ ರಕ್ಷಣೆಯ ತಳಹದಿಯೆಂದು ತೋರುತ್ತದೆ.

ಶಾಲೆಯಲ್ಲಿ ಮಕ್ಕಳ ಮೇಲೆ ನಡೆಯುವ ಲೈಂಗಿಕ ದೌರ್ಜನ್ಯದ ವಿಷಯವನ್ನು ಆರೋಗ್ಯ ವಿಭಾಗದಲ್ಲಿ ಏಕೆ ಎತ್ತಬೇಕೆಂದು ಕೆಲವು ಸದ್ಭಕ್ತರಿಗೆ ಅನ್ನಿಸಬಹುದು. ಮಠದ ಪತ್ರಿಕೆಯಲ್ಲಿ ಈ ಮಾತು ಬೇಕೇ ಎಂದು ಕೇಳುವವರೂ ಇದ್ದಾರು. ಹೊಟ್ಟೆನೋವು, ನಿದ್ರಾಹೀನತೆ, ಮೂರ್ಛೆ ಬಂದಂತಾಗುವುದು, ಓದಿನಲ್ಲಿ ಹಿನ್ನಡೆ ಎಂಬ ದೂರುಗಳೊಡನೆ ವೈದ್ಯರ ಬಳಿಗೆ ಬರುವ ಮಕ್ಕಳಲ್ಲಿ ಕೆಲವರ ಬೇನೆಯ ಮೂಲ ದೇಹದೊಳಗಿರುವುದಿಲ್ಲ. ಅದಕ್ಕೆ ಔಷಧಿಯಂಗಡಿಯಲ್ಲಿ ಮದ್ದಿಲ್ಲ. ಇನ್ನು ಮಠದ ಪ್ರಶ್ನೆ. ನಾಡಿನ ಲಿಂಗಾಯತ ಮಠಗಳು ನಡೆಸುತ್ತ ಬಂದಿರುವ ಶಾಲೆಗಳಲ್ಲಿ, ಉಚಿತ ಪ್ರಸಾದ ನಿಲಯಗಳಲ್ಲಿ ಸಾವಿರಾರು ಬಡಮಕ್ಕಳು ಉಂಡು ಓದಿ ಬೆಳೆದಿದ್ದಾರೆ. ಎಂಟು ವರ್ಷದ ಮಗುವನ್ನು ದೂರದ ಊರಿನಿಂದ ತಂದು, ಒಂದು ಟ್ರಂಕಿನೊಡನೆ ನಿಲಯದ ಬಾಗಿಲಲ್ಲಿ ಬಿಟ್ಟುಹೋಗುವ ತಂದೆಯು ಯಾವ ಕಾಗದಪತ್ರವನ್ನೂ ಕೇಳುವುದಿಲ್ಲ, ನಂಬಿ ಹೋಗುತ್ತಾನೆ. ಆದಕಾರಣ ಈ ಮಾತು ಮೊದಲು ನಮ್ಮ ಅಂಗಳದಿಂದಲೇ ಆರಂಭವಾಗತಕ್ಕದ್ದು.

ಅಂಕಿಅಂಶಗಳ ವಿಚಾರದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನವು 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿತು. ಅವರಲ್ಲಿ ಶೇಕಡ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದ್ದಾಗಿ ತಿಳಿಸಿದರು. ಹೀಗೆ ತಿಳಿಸಿದವರಲ್ಲಿ ಗಂಡುಮಕ್ಕಳ ಪಾಲು ಅರ್ಧಕ್ಕಿಂತ ತುಸು ಹೆಚ್ಚೇ ಇತ್ತು. ಎಸಗಿದವರಲ್ಲಿ ಸುಮಾರು ಅರ್ಧದಷ್ಟು ಜನ ಮಗುವಿಗೆ ಪರಿಚಿತರು, ಅಥವಾ ಮಗುವಿನ ಹೊಣೆ ಹೊತ್ತವರು. ಬಹುಪಾಲು ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ. ಅಪರಿಚಿತನೊಬ್ಬ ಚಾಕೊಲೇಟು ತೋರಿಸಿ ಎಳೆದೊಯ್ಯುತ್ತಾನೆಂಬ ನಮ್ಮ ಕಲ್ಪನೆಯೂ, ಗಂಡುಮಗುವಿಗೆ ಇಂಥದೇನೂ ಆಗದೆಂಬ ನೆಮ್ಮದಿಯೂ ಈ ಒಂದು ಅಧ್ಯಯನದಿಂದಲೇ ಕುಸಿದು ಬೀಳುತ್ತವೆ.

ವಿಧೇಯತೆಯ ಪಾಠದಲ್ಲಿನ ಒಂದು ಕೊರತೆ

ಗುರುಹಿರಿಯರಿಗೆ ಎದುರಾಡಬಾರದು ಎಂಬುದು ನಮ್ಮ ಮನೆಗಳಲ್ಲಿ ಮಗು ಕಲಿಯುವ ಮೊದಲ ನೀತಿ. ನೀತಿಯೇನೋ ಒಳ್ಳೆಯದೇ. ಆದರೆ ದುರುದ್ದೇಶವುಳ್ಳ ಹಿರಿಯನಿಗೆ ಈ ನೀತಿಯೇ ಮೊದಲ ಆಸರೆಯಾಗುತ್ತದೆ. ಅಂಥವನು ಬಲಪ್ರಯೋಗದಿಂದ ಆರಂಭಿಸುವುದು ಅಪರೂಪ. ತಂದೆತಾಯಿಗಳ ವಿಶ್ವಾಸವನ್ನು ಸಂಪಾದಿಸುತ್ತಾನೆ, ಉಚಿತವಾಗಿ ಮನೆಪಾಠ ಹೇಳುತ್ತೇನೆನ್ನುತ್ತಾನೆ, ತಂದೆಯಿಲ್ಲದ ಅಥವಾ ಮನೆಯಲ್ಲಿ ಕಲಹವಿರುವ ಮಗುವನ್ನು ಗುರುತಿಸಿ ವಿಶೇಷ ಪ್ರೀತಿ ತೋರುತ್ತಾನೆ, ಪೆನ್ನು ಕೊಡಿಸುತ್ತಾನೆ, ಮೊಬೈಲಿನಲ್ಲಿ ಆಟವಾಡಲು ಬಿಡುತ್ತಾನೆ. ಅನಂತರ ‘ಇದು ನಮ್ಮಿಬ್ಬರಲ್ಲೇ ಇರಲಿ’ ಎಂಬ ಒಂದು ಸಣ್ಣ ಗುಟ್ಟು ಹುಟ್ಟುತ್ತದೆ. ಸ್ಪರ್ಶವು ಆಕಸ್ಮಿಕವೆಂಬಂತೆ ಆರಂಭವಾಗಿ, ಮಗು ಸುಮ್ಮನಿದ್ದುದನ್ನು ಕಂಡು ಮುಂದುವರಿಯುತ್ತದೆ. ಕೊನೆಗೆ ಮಗುವಿಗೆ ತಾನೇ ತಪ್ಪಿನಲ್ಲಿ ಪಾಲುಗಾರನೆಂದು ಅನ್ನಿಸತೊಡಗುತ್ತದೆ. ಇಷ್ಟಾದ ಮೇಲೆ ‘ಏಕೆ ಕೂಗಲಿಲ್ಲ, ಏಕೆ ಓಡಿಬರಲಿಲ್ಲ’ ಎಂದು ಕೇಳುವ ನಾವು, ಕೂಗಬಾರದೆಂದು ಕಲಿಸಿದವರೂ ನಾವೇ ಎಂಬುದನ್ನು ಮರೆತಿರುತ್ತೇವೆ.

ಗುರುಭಕ್ತಿಯು ಕುರುಡು ವಿಧೇಯತೆಯೆಂದು ನಮ್ಮ ಪರಂಪರೆ ಹೇಳಿದೆಯೇ? ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನೇ ಎಚ್ಚರಿಕೆ ಹೇಳುತ್ತಾನೆ: ತನ್ನಲ್ಲಿರುವ ಸುಚರಿತಗಳನ್ನಷ್ಟೇ ಅನುಸರಿಸತಕ್ಕದ್ದು, ಉಳಿದವನ್ನಲ್ಲ ಎಂಬುದು ಅದರ ತಾತ್ಪರ್ಯ. ಆಚಾರ್ಯನಲ್ಲಿಯೂ ಅನುಸರಿಸಬಾರದ್ದು ಇರಬಹುದೆಂದು ಆಚಾರ್ಯನ ಬಾಯಿಂದಲೇ ಹೇಳಿಸಿದ ಉಪದೇಶವಿದು. ಮಹಾಭಾರತದ ಉದ್ಯೋಗಪರ್ವದಲ್ಲಿ ಅಂಬೆಯ ನಿಮಿತ್ತ ಪರಶುರಾಮನೂ ಭೀಷ್ಮನೂ ಎದುರಾದಾಗ ಭೀಷ್ಮನು ಹಳೆಯ ಧರ್ಮವಾಕ್ಯವೊಂದನ್ನು ಮುಂದಿಡುತ್ತಾನೆ. ಕಾರ್ಯಾಕಾರ್ಯಗಳನ್ನು ಅರಿಯದೆ ದಾರಿತಪ್ಪಿದವನು ಗುರುವಾದರೂ ಅವನನ್ನು ತೊರೆಯಬಹುದೆಂಬುದು ಅದರ ಸಾರ. ಆ ಪ್ರಸಂಗದಲ್ಲಿ ಅನ್ಯಾಯವಾದದ್ದು ಅಂಬೆಗೆ ಎಂಬುದು ಬೇರೆಯೇ ಒಂದು ಚರ್ಚೆ; ಭೀಷ್ಮನ ಆ ವಾಕ್ಯಕ್ಕೆ ಶಾಸ್ತ್ರದಲ್ಲಿ ಆಧಾರವಿದ್ದಿತೆಂಬುದಂತೂ ನಿಜ. ಧರ್ಮಶಾಸ್ತ್ರಗಳು ಆಚಾರ್ಯನನ್ನು ಎರಡನೆಯ ಜನ್ಮ ನೀಡುವ ತಂದೆಯೆಂದು ಕರೆದಿವೆ. ಹಾಗಾದರೆ ಆಚಾರ್ಯನಿಂದ ಶಿಷ್ಯರಿಗಾಗುವ ದೈಹಿಕ ದ್ರೋಹವು ತಂದೆಯೇ ಎಸಗಿದ ದ್ರೋಹಕ್ಕೆ ಸಮನೆಂದು ಬೇರೆ ವಿವರಿಸಬೇಕಿಲ್ಲ.

ಮನೆಯಲ್ಲಿ ಇದನ್ನು ಮಗುವಿಗೆ ತಿಳಿಸಲು ನಮಗೊಂದು ಅನುಕೂಲವೂ ಇದೆ. ಕೊರಳಲ್ಲಿ ಲಿಂಗವಿರುವ ಮಗುವಿಗೆ, ತನ್ನ ಇಷ್ಟಲಿಂಗವನ್ನು ಬೇರೆಯವರು ತೆಗೆದು ಆಡಿಸಬಾರದೆಂದು ಹಿರಿಯರು ಹೇಳಿಯೇ ಇರುತ್ತಾರೆ. ಲಿಂಗವನ್ನು ಧರಿಸಿದ ದೇಹಕ್ಕೂ ಅದೇ ಮರ್ಯಾದೆ ಸಲ್ಲುತ್ತದೆಂದು ಹೇಳಿದರೆ ಐದು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಒಳಉಡುಪು ಮುಚ್ಚುವ ಭಾಗಗಳನ್ನು ಬೇರೆಯವರು ನೋಡುವುದಾಗಲಿ, ಮುಟ್ಟುವುದಾಗಲಿ, ತಮ್ಮವನ್ನು ಮುಟ್ಟಲು ಹೇಳುವುದಾಗಲಿ ಸಲ್ಲದು. ಸ್ನಾನ ಮಾಡಿಸುವ ತಾಯಿ, ತಾಯಿಯ ಎದುರಿನಲ್ಲಿ ಪರೀಕ್ಷಿಸುವ ವೈದ್ಯರು ಇದಕ್ಕೆ ಹೊರತು. ಅಂಗಗಳಿಗೆ ಅವುಗಳ ಹೆಸರನ್ನೇ ಹೇಳಿಕೊಡಬೇಕು. ‘ಅಲ್ಲಿ’, ‘ಆ ಜಾಗ’ ಎಂಬ ಮಾತನ್ನಷ್ಟೇ ಕಲಿತ ಮಗು ನಾಳೆ ದೂರು ಹೇಳುವಾಗಲೂ ‘ಅಲ್ಲಿ ನೋವಾಯಿತು’ ಎನ್ನುತ್ತದೆ; ಕೇಳಿದವರು ಬಿದ್ದಿರಬೇಕೆಂದು ತಿಳಿದು ಎಣ್ಣೆ ಹಚ್ಚುತ್ತಾರೆ. ಮುತ್ತು ಕೊಡಲು, ತೊಡೆಯ ಮೇಲೆ ಕೂರಲು ಒಲ್ಲೆನೆಂದ ಮಗುವನ್ನು ಬಂಧುಗಳ ಮುಂದೆ ಬಲವಂತಪಡಿಸದಿರುವುದು ಇದೇ ಪಾಠದ ಮುಂದುವರಿಕೆ. ನಮಸ್ಕಾರ ಮಾಡಿಸಿ, ಸಾಕು.

ಒಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಸುರಕ್ಷಿತ ಸ್ಪರ್ಶ, ಅಸುರಕ್ಷಿತ ಸ್ಪರ್ಶವೆಂದು ವರ್ಷಕ್ಕೊಮ್ಮೆ ಮಕ್ಕಳಿಗೆ ಉಪನ್ಯಾಸ ಕೊಡಿಸಿ, ಫೋಟೊ ತೆಗೆಸಿ, ಕರ್ತವ್ಯ ಮುಗಿಯಿತೆಂದು ತಿಳಿಯುವ ಸಂಸ್ಥೆಗಳಿವೆ. ಪಾಠ ಬೇಕು. ಆದರೆ ಆರು ವರ್ಷದ ಮಗುವು ನಲವತ್ತು ವರ್ಷದ ಗಂಡಸಿನಿಂದ ತನ್ನನ್ನು ತಾನೇ ಕಾಪಾಡಿಕೊಳ್ಳಬೇಕೆಂಬ ನಿರೀಕ್ಷೆ ನ್ಯಾಯವಲ್ಲ. ಕಾಯುವ ಹೊಣೆ ದೊಡ್ಡವರದು.

ಸಭೆಯ ಪಾಪದ ಲೆಕ್ಕ

ದ್ರೌಪದಿಯು ಕುರುಸಭೆಯಲ್ಲಿ ಪ್ರಶ್ನೆ ಕೇಳಿದಳು; ಭೀಷ್ಮದ್ರೋಣಾದಿಗಳಿದ್ದ ಸಭೆಯಲ್ಲಿ ಉತ್ತರ ಹುಟ್ಟಲಿಲ್ಲ. ಆಗ ವಿದುರನು ಒಂದು ಹಳೆಯ ಕಥೆಯನ್ನು ಹೇಳುತ್ತಾನೆ. ಪ್ರಹ್ಲಾದನ ಮಗ ವಿರೋಚನನಿಗೂ ಅಂಗಿರಸನ ಮಗ ಸುಧನ್ವನಿಗೂ ತಮ್ಮಲ್ಲಿ ಶ್ರೇಷ್ಠರಾರೆಂದು ವಿವಾದವಾಗಿ, ಪ್ರಾಣವನ್ನೇ ಪಣವಾಗಿಟ್ಟು ಪ್ರಹ್ಲಾದನಲ್ಲಿಗೆ ಬರುತ್ತಾರೆ. ಒಂದು ಕಡೆ ಹೆತ್ತ ಮಗ. ಪ್ರಹ್ಲಾದನು ದಿಕ್ಕುಗಾಣದೆ ಕಶ್ಯಪನನ್ನು ಕೇಳುತ್ತಾನೆ: ತಿಳಿದೂ ನುಡಿಯದವನ ಗತಿಯೇನು? ನಿಂದ್ಯವಾದದ್ದನ್ನು ಸಭೆಯು ನಿಂದಿಸದೆ ಕುಳಿತರೆ ಪಾಪವು ಹೇಗೆ ಹಂಚಿಕೆಯಾಗುತ್ತದೆಂಬುದಕ್ಕೆ ಕಶ್ಯಪನು ಕೊಡುವ ಲೆಕ್ಕ ಹೀಗಿದೆ: ಸಭೆಯ ಮುಖ್ಯಸ್ಥನಿಗೆ ಅರ್ಧ, ಎಸಗಿದವನಿಗೆ ಕಾಲು ಭಾಗ, ಸುಮ್ಮನೆ ಕುಳಿತ ಸದಸ್ಯರಿಗೆ ಉಳಿದ ಕಾಲು ಭಾಗ. ಎಸಗಿದವನಿಗಿಂತ ಮುಖ್ಯಸ್ಥನ ಪಾಲು ಇಮ್ಮಡಿ! ಪ್ರಹ್ಲಾದನು ಇದನ್ನು ಕೇಳಿ ತನ್ನ ಮಗನ ವಿರುದ್ಧವೇ ತೀರ್ಪು ನೀಡುತ್ತಾನೆ.

ಈ ಕಥೆಯನ್ನು ಓದುವಾಗಲೆಲ್ಲ ಇಂದಿನ ಒಂದು ಕಾಯಿದೆಯ ನೆನಪಾಗುತ್ತದೆ. ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಕಾಯಿದೆ, ಜನರ ಬಾಯಲ್ಲಿ ಪೋಕ್ಸೊ, 2012ರ ನವೆಂಬರ್ 14ರಂದು ಜಾರಿಗೆ ಬಂದಿತು. ಅದರ 19ನೆಯ ಕಲಮಿನ ಪ್ರಕಾರ ಇಂಥ ಅಪರಾಧ ನಡೆದಿದೆಯೆಂದು ತಿಳಿದವರು, ನಡೆಯಬಹುದೆಂಬ ಆತಂಕವುಳ್ಳವರು ಯಾರೇ ಆಗಲಿ ಪೊಲೀಸರಿಗೆ ತಿಳಿಸತಕ್ಕದ್ದು. ತಿಳಿಸದವರಿಗೆ 21ನೆಯ ಕಲಮು ಆರು ತಿಂಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆ. ತನ್ನ ಕೈಕೆಳಗಿನವನ ಅಪರಾಧವನ್ನು ತಿಳಿಸದೆ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗಾದರೆ ಒಂದು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಕಶ್ಯಪನ ಲೆಕ್ಕದಲ್ಲಿಯೂ ಕಾಯಿದೆಯ ಲೆಕ್ಕದಲ್ಲಿಯೂ, ಸುಮ್ಮನಿದ್ದ ಸದಸ್ಯನ ಪಾಲಿಗಿಂತ ಮುಖ್ಯಸ್ಥನ ಪಾಲು ಎರಡರಷ್ಟು. ಶಾಲೆಯ ಮುಖ್ಯೋಪಾಧ್ಯಾಯರು, ಆಡಳಿತ ಮಂಡಳಿಯ ಅಧ್ಯಕ್ಷರು, ನಿಲಯದ ಮೇಲ್ವಿಚಾರಕರು ಇದನ್ನು ಗಮನದಲ್ಲಿಡಬೇಕು.

ಶಿಕ್ಷಣ ಸಂಸ್ಥೆಯ ಮತ್ತು ಧಾರ್ಮಿಕ ಸಂಸ್ಥೆಯ ಆಡಳಿತದವರು, ಸಿಬ್ಬಂದಿ ಎಸಗುವ ಅಪರಾಧವನ್ನು ಕಾಯಿದೆಯು ‘ಉಗ್ರಸ್ವರೂಪದ’ ವರ್ಗಕ್ಕೆ ಸೇರಿಸಿದೆ. ಎರಡು ಸಂಸ್ಥೆಗಳನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿದೆ. ಅಂಥ ಅತ್ಯಾಚಾರಕ್ಕೆ, 2019ರ ತಿದ್ದುಪಡಿಯ ತರುವಾಯ, ಕನಿಷ್ಠ 20 ವರ್ಷಗಳ ಕಠಿಣ ಶಿಕ್ಷೆ, ಗರಿಷ್ಠ ಮರಣದಂಡನೆ. 18 ವರ್ಷ ತುಂಬದ ಗಂಡುಮಗುವಿಗೂ ಹೆಣ್ಣುಮಗುವಿಗೂ ಕಾಯಿದೆ ಸಮಾನವಾಗಿ ಅನ್ವಯಿಸುತ್ತದೆ. ಮುಟ್ಟದೆಯೂ ಅಪರಾಧವಾಗಬಹುದು. ಅಶ್ಲೀಲ ಮಾತು, ಸನ್ನೆ, ಮೊಬೈಲಿನಲ್ಲಿ ಚಿತ್ರ ತೋರಿಸುವುದು, ಸಂದೇಶಗಳ ಮೂಲಕ ಬೆನ್ನುಹತ್ತುವುದು ಇವಕ್ಕೂ ಮೂರು ವರ್ಷಗಳವರೆಗೆ ಶಿಕ್ಷೆಯಿದೆ. ಬಟ್ಟೆಯ ಮೇಲಿಂದ ಮುಟ್ಟಿದ್ದು ಅಪರಾಧವಲ್ಲವೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು 2021ರ ನವೆಂಬರಿನಲ್ಲಿ ತಳ್ಳಿಹಾಕಿ, ಮುಖ್ಯವಾದದ್ದು ಲೈಂಗಿಕ ಉದ್ದೇಶವೆಂದು ಸ್ಪಷ್ಟಪಡಿಸಿತು.

ಹೀಗಿದ್ದರೂ ನಮ್ಮಲ್ಲಿ ನಡೆಯುವುದೇನು? ವಿಷಯ ಹೊರಬಿದ್ದ ಸಂಜೆ ನಾಲ್ಕು ಜನ ಹಿರಿಯರು ಸೇರುತ್ತಾರೆ. ಸಂಸ್ಥೆಯ ಹೆಸರು ಕೆಡಬಾರದು, ಹುಡುಗಿಯ ಮದುವೆಗೆ ತೊಂದರೆಯಾಗಬಾರದು, ಮೇಷ್ಟ್ರಿಗೂ ಹೆಂಡತಿ ಮಕ್ಕಳಿದ್ದಾರೆ ಎಂದು ಮಾತಾಗುತ್ತದೆ. ತಪ್ಪೊಪ್ಪಿಗೆ ಬರೆಯಿಸಿಕೊಂಡು, ಒಂದಿಷ್ಟು ಹಣ ಕೊಡಿಸಿ, ಅವನನ್ನು ಬೇರೊಂದು ಊರಿನ ಶಾಲೆಗೆ ಕಳುಹಿಸಿ ಎಲ್ಲರೂ ನಿಟ್ಟುಸಿರುಬಿಡುತ್ತಾರೆ. ಆ ಬೇರೊಂದು ಊರಿನಲ್ಲಿಯೂ ಮಕ್ಕಳಿದ್ದಾರೆ. ಈ ರಾಜಿಗೆ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ. ಪೋಕ್ಸೊ ಅಪರಾಧವನ್ನು ಪಂಚಾಯಿತಿ ಕಟ್ಟೆಯಲ್ಲಿ ಬಗೆಹರಿಸಲು ಬರುವುದಿಲ್ಲ. ಮೊದಲು ನಾವೇ ಆಂತರಿಕ ವಿಚಾರಣೆ ನಡೆಸಿ, ನಿಜವೆಂದು ಕಂಡುಬಂದರೆ ತಿಳಿಸೋಣ ಎಂಬ ಮಾತೂ ಒಪ್ಪತಕ್ಕದ್ದಲ್ಲ. ನಿಜಸುಳ್ಳಿನ ನಿರ್ಣಯ ನ್ಯಾಯಾಲಯದ ಕೆಲಸ. ಆರೋಪಿಗೂ ಅಲ್ಲಿ ತನ್ನ ಮಾತನ್ನು ಹೇಳಲು ಅವಕಾಶವಿದೆ. ಸದ್ಭಾವನೆಯಿಂದ ಮಾಹಿತಿ ಕೊಟ್ಟವರ ಮೇಲೆ ಮೊಕದ್ದಮೆ ಹೂಡುವಂತಿಲ್ಲವೆಂದು ಅದೇ 19ನೆಯ ಕಲಮು ರಕ್ಷಣೆ ನೀಡಿದೆ.

ಶಾಲೆ ಮತ್ತು ನಿಲಯಗಳ ವ್ಯವಸ್ಥೆ

2014ರ ಜುಲೈನಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಪುಟ್ಟ ಬಾಲಕಿಯ ಮೇಲೆ ದೌರ್ಜನ್ಯ ನಡೆದ ಸುದ್ದಿ ಹೊರಬಿದ್ದು, ಪೋಷಕರು ದೊಡ್ಡ ಸಂಖ್ಯೆಯಲ್ಲಿ ಬೀದಿಗಿಳಿದದ್ದು ಹಲವರಿಗೆ ನೆನಪಿದ್ದೀತು. ಅಂದಿನಿಂದ ಶಾಲೆಗಳಲ್ಲಿ ಕ್ಯಾಮೆರಾ ಅಳವಡಿಸುವ ಮಾತು ಎಲ್ಲೆಡೆ ಕೇಳುತ್ತಿದೆ. ಕ್ಯಾಮೆರಾ ಇರಲಿ. ಆದರೆ ಅದು ಕಾರಿಡಾರನ್ನು ಕಾಣುತ್ತದೆ. ಶೌಚಾಲಯವನ್ನಾಗಲಿ, ಮಲಗುವ ಕೋಣೆಯನ್ನಾಗಲಿ ಕಾಣುವಂತಿಲ್ಲ, ಕಾಣಲೂಬಾರದು. ದಾಖಲಾದದ್ದನ್ನು ಕುಳಿತು ನೋಡುವವರಿಲ್ಲದಿದ್ದರೆ ಅದು ಗೋಡೆಗೆ ಅಲಂಕಾರ ಮಾತ್ರ. ಅದಕ್ಕಿಂತ ಅಗ್ಗವೂ ಫಲದಾಯಕವೂ ಆದ ಕ್ರಮ ಬೇರೆ ಇದೆ. ದೀಕ್ಷೆಯ ಪ್ರಸಂಗದಲ್ಲಿ ಹೇಳಿದ ಸಾಕ್ಷಿಯ ತತ್ತ್ವವೇ ಅದು: ಒಬ್ಬ ವಯಸ್ಕರು ಒಂದು ಮಗುವಿನೊಡನೆ ಮುಚ್ಚಿದ ಬಾಗಿಲಿನ ಹಿಂದೆ ಇರತಕ್ಕದ್ದಲ್ಲ. ಹೆಚ್ಚಿನ ಪಾಠ ಹೇಳುವುದಿದ್ದರೆ ಬಾಗಿಲು ತೆರೆದ ಕೊಠಡಿಯಲ್ಲಿ, ಇಬ್ಬರು ಮೂವರು ಮಕ್ಕಳಿಗೆ ಒಟ್ಟಿಗೆ ಹೇಳಲಿ. ಪ್ರಯೋಗಾಲಯ, ಗ್ರಂಥಾಲಯ, ಕ್ರೀಡಾಸಾಮಗ್ರಿಯ ಕೋಣೆ, ಸಂಗೀತದ ಕೊಠಡಿ ಇವುಗಳ ಬಾಗಿಲಿಗೆ ಗಾಜಿನ ಕಿಂಡಿಯಿರಲಿ. ಶಿಕ್ಷಕರು ವಿದ್ಯಾರ್ಥಿಗೆ ರಾತ್ರಿ ಹತ್ತಕ್ಕೆ ವಾಟ್ಸಾಪ್ ಸಂದೇಶ ಕಳುಹಿಸಬೇಕಾದ ಪ್ರಮೇಯ ಯಾವುದೂ ಇಲ್ಲ. ಪಾಠದ ವಿಷಯವಿದ್ದರೆ ಪೋಷಕರೂ ಇರುವ ಗುಂಪಿಗೆ ಹಾಕಲಿ.

ನೇಮಕಾತಿಯ ವಿಷಯವನ್ನು 2020ರ ಪೋಕ್ಸೊ ನಿಯಮಗಳು ನಿಖರವಾಗಿ ಹೇಳಿವೆ. ಮಕ್ಕಳೊಡನೆ ಒಡನಾಟವಿರುವ ಪ್ರತಿಯೊಬ್ಬ ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರ ಮೂಲಕ ಪರಿಶೀಲಿಸಬೇಕು, ಕಾಲಕಾಲಕ್ಕೆ ಅದನ್ನು ಪುನರಾವರ್ತಿಸಬೇಕು. ಬೋಧಕರು, ಬೋಧಕೇತರರು, ಕಾಯಂ ನೌಕರರು, ಗುತ್ತಿಗೆಯವರು ಎಂಬ ಭೇದವಿಲ್ಲ. ನಮ್ಮಲ್ಲಿ ಬಸ್ಸಿನ ಚಾಲಕ, ಅಡುಗೆಯವರು, ಕಾವಲುಗಾರ, ಯೋಗ ಹೇಳಿಕೊಡಲು ವಾರಕ್ಕೊಮ್ಮೆ ಬರುವವರು ಇವರೆಲ್ಲ ‘ನಮ್ಮವರೇ, ಭಕ್ತರ ಮಗ’ ಎಂಬ ಶಿಫಾರಸಿನ ಮೇಲೆ ಸೇರಿಬಿಡುತ್ತಾರೆ. ಭಕ್ತರ ಮಗನೆಂಬುದು ಪೊಲೀಸ್ ಪರಿಶೀಲನೆಗೆ ಬದಲಿಯಲ್ಲ. ಹಿಂದೆ ಕೆಲಸ ಮಾಡಿದ ಸಂಸ್ಥೆಗೆ ದೂರವಾಣಿ ಮಾಡಿ, ಏಕೆ ಬಿಟ್ಟರೆಂದು ಕೇಳುವುದಕ್ಕೆ ಹತ್ತು ನಿಮಿಷ ಸಾಕು. ಮೇಲೆ ಹೇಳಿದ ‘ಬೇರೊಂದು ಊರಿನ ಶಾಲೆ’ಯಾಗುವುದು ತಪ್ಪಬೇಕಾದರೆ ಆ ಹತ್ತು ನಿಮಿಷ ಅಗತ್ಯ.

ವಸತಿನಿಲಯಗಳಿಗೆ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಅಲ್ಲಿ ಮಗುವಿಗೆ ಸಂಜೆ ಮನೆಗೆ ಹೋಗಿ ಅವ್ವನ ಮುಂದೆ ಅಳುವ ಅವಕಾಶವಿಲ್ಲ. ದೊಡ್ಡ ಹುಡುಗರನ್ನೂ ಚಿಕ್ಕವರನ್ನೂ ಒಂದೇ ಹಾಲಿನಲ್ಲಿ ಮಲಗಿಸುವ ಪದ್ಧತಿಯನ್ನು ಬಿಡಬೇಕು. ಗಂಡುಮಕ್ಕಳ ನಿಲಯಗಳಲ್ಲಿ ಹಿರಿಯ ವಿದ್ಯಾರ್ಥಿಗಳಿಂದಲೇ ಕಿರಿಯರಿಗೆ ತೊಂದರೆಯಾಗುವುದುಂಟು. ತಪ್ಪೆಸಗಿದವನೂ ಬಾಲಕನೇ ಆದಾಗ ಬಾಲನ್ಯಾಯ ಕಾಯಿದೆಯ ಮಾರ್ಗವಿದೆ, ಅವನಿಗೂ ಮನೋವೈದ್ಯಕೀಯ ನೆರವು ಬೇಕು. ಆದರೆ ‘ಹುಡುಗರ ಚೇಷ್ಟೆ’ ಎಂದು ನಕ್ಕು ಬಿಡುವಂತಿಲ್ಲ. ರಾತ್ರಿ ಶೌಚಾಲಯದ ದಾರಿಯಲ್ಲಿ ದೀಪವಿರಲಿ. ಹೆಣ್ಣುಮಕ್ಕಳ ನಿಲಯದಲ್ಲಿ ಮಹಿಳಾ ಮೇಲ್ವಿಚಾರಕರು ರಾತ್ರಿಯೂ ಅಲ್ಲಿಯೇ ತಂಗಲಿ. ಕೈಕಾಲು ಒತ್ತಿಸಿಕೊಳ್ಳುವುದು, ಕೋಣೆಗೆ ಕರೆದು ಬಟ್ಟೆ ಒಗೆಸಿಕೊಳ್ಳುವುದು ಮುಂತಾದ, ಸೇವೆಯೆಂಬ ಹೆಸರಿನ ರೂಢಿಗಳು ಎಲ್ಲಿ ಉಳಿದಿದ್ದರೂ ನಿಲ್ಲಬೇಕು. ಗುರುಸೇವೆಗೆ ಅಂಗಳ ಗುಡಿಸುವುದು, ದಾಸೋಹದಲ್ಲಿ ಬಡಿಸುವುದು ಎಂಬಂತಹ ನೂರು ದಾರಿಗಳಿವೆ. ವಾರಕ್ಕೊಮ್ಮೆಯಾದರೂ ಮಗು ಮನೆಯವರೊಡನೆ, ಪಕ್ಕದಲ್ಲಿ ಯಾರೂ ನಿಂತು ಕೇಳಿಸಿಕೊಳ್ಳದಂತೆ, ದೂರವಾಣಿಯಲ್ಲಿ ಮಾತನಾಡುವ ಏರ್ಪಾಡು ಮಾಡಿದರೆ ಅದು ಹತ್ತು ಕ್ಯಾಮೆರಾಗಳಿಗೆ ಸಮ.

ದೂರುಪೆಟ್ಟಿಗೆಗಳು ಅನೇಕ ಶಾಲೆಗಳಲ್ಲಿವೆ. ಹಲವೆಡೆ ಅವು ಮುಖ್ಯೋಪಾಧ್ಯಾಯರ ಕೋಣೆಯ ಎದುರಿಗೇ ಇರುತ್ತವೆ, ಬೀಗದ ಕೈ ಅವರ ಮೇಜಿನಲ್ಲಿರುತ್ತದೆ. ಹಾಗಿದ್ದರೆ ಯಾವ ಮಗು ಚೀಟಿ ಹಾಕೀತು? ಪೆಟ್ಟಿಗೆಯು ಜನ ಓಡಾಡದ ತಿರುವಿನಲ್ಲಿರಬೇಕು; ಅದನ್ನು ತೆರೆಯುವಾಗ ಒಬ್ಬ ಶಿಕ್ಷಕಿ, ಒಬ್ಬ ತಾಯಿ, ಸಂಸ್ಥೆಗೆ ಸೇರದ ಒಬ್ಬ ವ್ಯಕ್ತಿ ಇರಬೇಕು. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಗಳು ನಡೆಯುತ್ತವೆ. ಸಾಮಾನ್ಯವಾಗಿ ಅಲ್ಲಿ ಆಟದ ಮೈದಾನದ, ಕುಡಿಯುವ ನೀರಿನ ಮಾತು ಬರುತ್ತದೆ. ‘ಶಾಲೆಯಿಂದ ಬರುವ ದಾರಿಯಲ್ಲಿ, ಶಾಲೆಯ ಒಳಗೆ ನಿಮಗೆ ಭಯವೆನ್ನಿಸುವ ಜಾಗ ಯಾವುದು?’ ಎಂಬ ಒಂದು ಪ್ರಶ್ನೆಯನ್ನು ಅಲ್ಲಿ ಕೇಳಿ ನೋಡಿ. ಹನ್ನೆರಡನೆಯ ಶತಮಾನದಲ್ಲಿ ಅನುಭವ ಮಂಟಪವು ಸ್ತ್ರೀಯರಿಗೂ ಅಂತ್ಯಜರೆನಿಸಿಕೊಂಡವರಿಗೂ ಮಾತನಾಡುವ ಪೀಠ ಕೊಟ್ಟಿತೆಂದು ನಾವು ಅಭಿಮಾನಪಡುತ್ತೇವೆ. ಮಕ್ಕಳೂ ಆ ಪೀಠಕ್ಕೆ ಕಾದಿದ್ದಾರೆ.

ಮಗು ಹೇಳಿದಾಗ

ಅನೇಕ ಮಕ್ಕಳು ಬಾಯಿಬಿಟ್ಟು ಹೇಳುವ ಮೊದಲು ದೇಹದಿಂದ ಹೇಳುತ್ತಾರೆ. ನಿಂತುಹೋಗಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸ ಮತ್ತೆ ಕಾಣಿಸಬಹುದು. ಮೂತ್ರ ಮಾಡುವಾಗ ಉರಿ, ಗುಪ್ತಾಂಗದಲ್ಲಿ ನೋವು ಅಥವಾ ಸ್ರಾವ, ಕಾರಣವಿಲ್ಲದ ಹೊಟ್ಟೆನೋವು ಇರಬಹುದು. ನಿರ್ದಿಷ್ಟ ದಿನದಂದು ಅಥವಾ ನಿರ್ದಿಷ್ಟ ಪಾಠವಿರುವಂದು ಶಾಲೆಗೆ ಒಲ್ಲೆನೆನ್ನುವುದು, ಒಬ್ಬರ ಹೆಸರೆತ್ತಿದರೆ ಮೌನವಾಗುವುದು, ವಯಸ್ಸಿಗೆ ಮೀರಿದ ಲೈಂಗಿಕ ಮಾತು ಅಥವಾ ಆಟ, ತನಗೆ ತಾನೇ ಗಾಯ ಮಾಡಿಕೊಳ್ಳುವುದು ಇವು ಗಮನಿಸತಕ್ಕವು. ಇವುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಕಾರಣವೂ ಇರಬಹುದಾದ್ದರಿಂದ ಒಂದೇ ಲಕ್ಷಣವನ್ನು ಹಿಡಿದು ಗಾಬರಿಯಾಗಬಾರದು. ಯಾವ ಲಕ್ಷಣವನ್ನೂ ತೋರದ ಮಕ್ಕಳೂ ಇದ್ದಾರೆ.

ಮಗು ಹೇಳಲು ಆರಂಭಿಸಿದ ಕ್ಷಣದಲ್ಲಿ ಕೇಳುವವರ ಮುಖವೇ ಮಗುವಿಗೆ ಮೊದಲ ತೀರ್ಪು. ಕಿರುಚಬೇಡಿ, ಹೊಡೆಯಬೇಡಿ, ಆ ಮನುಷ್ಯನನ್ನು ಕೊಂದೇಬಿಡುತ್ತೇನೆಂದು ಕೂಗಾಡಬೇಡಿ. ಹೆದರಿದ ಮಗು ಮರುದಿನ ‘ಹಾಗೇನೂ ಆಗಿಲ್ಲ’ ಎಂದುಬಿಡುತ್ತದೆ. ಹಾಗೆ ಮಾತು ಹಿಂತೆಗೆದುಕೊಂಡ ಮಾತ್ರಕ್ಕೆ ಮೊದಲು ಹೇಳಿದ್ದು ಸುಳ್ಳಾಗುವುದಿಲ್ಲ. ‘ನೀನು ಹೇಳಿದ್ದು ಒಳ್ಳೆಯದಾಯಿತು ಕಂದಾ, ನಾನು ನಂಬುತ್ತೇನೆ, ತಪ್ಪು ನಿನ್ನದಲ್ಲ’ ಎಂಬಷ್ಟು ಸಾಕು. ಯಾರಿಗೂ ಹೇಳುವುದಿಲ್ಲವೆಂದು ಭಾಷೆ ಕೊಡಬಾರದು, ಅದನ್ನು ಉಳಿಸಿಕೊಳ್ಳಲಾಗದು. ಅಜ್ಜಿಯ ಮುಂದೊಮ್ಮೆ, ದೊಡ್ಡಪ್ಪನ ಮುಂದೊಮ್ಮೆ, ಮುಖ್ಯೋಪಾಧ್ಯಾಯರ ಮುಂದೊಮ್ಮೆ ಎಂದು ಹೇಳಿಸುತ್ತ ಹೋಗುವುದು ಕ್ರೌರ್ಯ. ಮಗುವಿನ ಮಾತನ್ನು ಮಗುವಿನ ಶಬ್ದಗಳಲ್ಲಿಯೇ, ದಿನಾಂಕ ಸಮಯಗಳೊಡನೆ ಬರೆದಿಡಿ.

ಹತ್ತಿರದ ಪೊಲೀಸ್ ಠಾಣೆಗೆ, ಅಥವಾ ಹಗಲುರಾತ್ರಿ ಉಚಿತವಾಗಿ ದೊರೆಯುವ 1098 ಮಕ್ಕಳ ಸಹಾಯವಾಣಿಗೆ, ಇಲ್ಲವೇ 112ಕ್ಕೆ ಕರೆ ಮಾಡಬಹುದು. ಮಗುವನ್ನು ಠಾಣೆಗೆ ಕರೆದೊಯ್ಯಬೇಕಾಗುತ್ತದೆಂಬ ಅಂಜಿಕೆಯೇ ಬಹಳ ಜನರನ್ನು ತಡೆಯುತ್ತದೆ. ಕಾಯಿದೆಯ ಪ್ರಕಾರ ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗುವಿಗೆ ಅನುಕೂಲವಾದೆಡೆಯಲ್ಲಿ, ಸಾಧ್ಯವಾದಷ್ಟೂ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಮಹಿಳಾ ಅಧಿಕಾರಿಯು, ಸಮವಸ್ತ್ರವಿಲ್ಲದೆ, ತಂದೆತಾಯಿ ಅಥವಾ ಮಗು ನಂಬುವವರ ಎದುರಿನಲ್ಲಿ ಪಡೆಯಬೇಕು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹೆಸರು, ಶಾಲೆ, ಭಾವಚಿತ್ರ, ಮನೆತನ ಯಾವುದನ್ನೂ ಮಾಧ್ಯಮಗಳು ಬಹಿರಂಗಪಡಿಸುವಂತಿಲ್ಲ. ಊರಿನ ವಾಟ್ಸಾಪ್ ಗುಂಪಿನಲ್ಲಿ ಮರುಕದಿಂದಲೇ ಹಂಚಿದರೂ ಅದು ಮಗುವಿಗೆ ಎರಡನೆಯ ಏಟು.

ವೈದ್ಯಕೀಯವಾಗಿ ಮೊದಲ ಮೂರು ದಿನಗಳು ಬೆಲೆಯುಳ್ಳವು. ಎಚ್‌ಐವಿ ಸೋಂಕು ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಬೇಕು. ಋತುಮತಿಯಾದ ಬಾಲಕಿಗೆ ತುರ್ತು ಗರ್ಭನಿರೋಧಕವನ್ನು ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಘಟನೆ ಇತ್ತೀಚಿನದಾಗಿದ್ದರೆ ಆಸ್ಪತ್ರೆಗೆ ಹೋಗುವ ಮುನ್ನ ಸ್ನಾನ ಮಾಡಿಸದಿರಿ, ತೊಟ್ಟಿದ್ದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿ ತೇವ ಕಟ್ಟಿ ಕುರುಹು ಕೆಡುತ್ತದೆ. ಮೂರು ದಿನ ಕಳೆದಿದ್ದರೂ, ತಿಂಗಳೇ ಕಳೆದಿದ್ದರೂ ಹೋಗಲೇಬೇಕು. ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯೂ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ, ಹಣ ಕೇಳುವಂತಿಲ್ಲ, ಪೊಲೀಸ್ ಕಾಗದ ತನ್ನಿರೆಂದು ಕಾಯಿಸುವಂತಿಲ್ಲ. ಬಾಲಕಿಯನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ಪರೀಕ್ಷೆಯಲ್ಲಿ ಗಾಯ ಕಾಣಲಿಲ್ಲವೆಂದರೆ ದೌರ್ಜನ್ಯ ನಡೆದಿಲ್ಲವೆಂದು ಅರ್ಥವಲ್ಲ. ದೌರ್ಜನ್ಯಕ್ಕೊಳಗಾದ ಬಹುಪಾಲು ಮಕ್ಕಳಲ್ಲಿ ದೈಹಿಕ ಗುರುತು ಉಳಿದಿರುವುದಿಲ್ಲ.

ಮೊಕದ್ದಮೆಯು ವಿಶೇಷ ನ್ಯಾಯಾಲಯದಲ್ಲಿ ನಡೆಯುತ್ತದೆ. ಸಾಧ್ಯವಾದಷ್ಟೂ ಒಂದು ವರ್ಷದಲ್ಲಿ ಮುಗಿಯಬೇಕೆಂದು ಕಾಯಿದೆ ಹೇಳಿದರೂ ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯುವುದುಂಟು. ಅಷ್ಟು ಕಾಲವೂ ಮಗು ಬದುಕಬೇಕು, ಓದಬೇಕು, ಆಡಬೇಕು. ಮಕ್ಕಳ ಕಲ್ಯಾಣ ಸಮಿತಿಯು ಬೆಂಬಲಿಗ ವ್ಯಕ್ತಿಯೊಬ್ಬರನ್ನು ನೇಮಿಸಬಹುದು, ನ್ಯಾಯಾಲಯವು ಮಧ್ಯಂತರ ಪರಿಹಾರ ಕೊಡಿಸಬಹುದು. ಇವೆರಡನ್ನೂ ಕೇಳಿ ಪಡೆಯಬೇಕು. ಮನೆಯವರು ಸಾಮಾನ್ಯವಾಗಿ ಮಾಡುವುದು ಬೇರೆ: ಹುಡುಗಿಯನ್ನು ಶಾಲೆ ಬಿಡಿಸುತ್ತಾರೆ, ಅಥವಾ ಅವಸರದಲ್ಲಿ ಮದುವೆಗೆ ಗಂಡು ಹುಡುಕುತ್ತಾರೆ. 18 ತುಂಬದ ಹುಡುಗಿಯ ಮದುವೆ ಇನ್ನೊಂದು ಅಪರಾಧ. ಶಾಲೆಗೆ ಮರಳಿ ಬಂದ ಮಗುವನ್ನು ತರಗತಿಯಲ್ಲಿ ಎಂದಿನ ಜಾಗದಲ್ಲಿ, ಎಂದಿನ ಗೆಳತಿಯ ಪಕ್ಕದಲ್ಲಿ ಕೂರಿಸಿ. ಹಾಜರಿ ಕೂಗುವಾಗ ಎಂದಿನ ಧ್ವನಿಯಲ್ಲೇ ಹೆಸರು ಕೂಗಿ. ತಪ್ಪಿಹೋದ ಪಾಠಗಳ ಟಿಪ್ಪಣಿಯನ್ನು ಯಾರಿಂದಾದರೂ ಬರೆಯಿಸಿ ಕೊಡಿ.